ಬಿಂಬ, ಚಿತ್ರ ಮತ್ತು ಜಲವನ

ಮೀನಿನ ತೊಟ್ಟಿಯೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ಬಂದು ನಿಲ್ಲುವ ಚಿತ್ರ ಒಂದೇ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲೋ ದಂತವೈದ್ಯರ ಪಡಸಾಲೆಯಲ್ಲೋ ಇಟ್ಟ ಒಂದು ಗಾಜಿನ ಪೆಟ್ಟಿಗೆ. ತಳದಲ್ಲಿ ನೀಲಿಬಣ್ಣದ ಹರಳು. ಎರಡು ಪ್ಲಾಸ್ಟಿಕ್ ಗಿಡ. ನಿಮಿಷಕ್ಕೊಮ್ಮೆ ಬಾಯ್ದೆರೆದು ಗುಳ್ಳೆಯುಗುಳುವ ಒಂದು ಬೊಂಬೆ. ಇವುಗಳ ನಡುವೆ ಹೋದ ದಾರಿಯಲ್ಲೇ ಹಿಂದಿರುಗುತ್ತಿರುವ ನಾಲ್ಕಾರು ಹೊಂಬಣ್ಣದ ಮೀನು. ಸರದಿ ಕಾಯುವವರ ಬೇಸರ ಕಳೆಯುವುದಕ್ಕೆ ಇಷ್ಟು ಸಾಕು. ಆದರೆ ಜಪಾನಿನ ನೀಗಾತ ಪ್ರಾಂತದಲ್ಲಿ ರೂಪುಗೊಂಡು ಈಗ ನಾನಾ ದೇಶಗಳಿಗೆ ಹಬ್ಬಿರುವ ಇನ್ನೊಂದು ವಿದ್ಯೆಯಿದೆ. ಅಲ್ಲಿಯೂ ಇರುವುದು ಗಾಜು, ನೀರು, ಮೀನು. ಆದರೆ ಕಥಾನಾಯಕನ ಪಟ್ಟ ಮೀನಿನಿಂದ ಗಿಡಕ್ಕೆ ಹೋಗಿದೆ. ನೀರಿನೊಳಗೇ ಬೇರೂರಿ ಬದುಕಬಲ್ಲ ಸಸ್ಯ, ಕಲ್ಲು, ಒಣಕೊರಡು ಇಷ್ಟರಿಂದಲೇ ಒಂದು ಬೆಟ್ಟದ ತಪ್ಪಲನ್ನೋ ಕಾಡಿನ ಅಂಚನ್ನೋ ಹುಲ್ಲುಗಾವಲನ್ನೋ ಕಲ್ಪಿಸಿ, ತಿಂಗಳುಗಟ್ಟಲೆ ಬೆಳೆಸಿ, ಕತ್ತರಿಯಿಂದ ತಿದ್ದಿ, ಕೊನೆಗೆ ಅದನ್ನು ಸ್ಪರ್ಧೆಗೆ ಒಡ್ಡುತ್ತಾರೆ. ಇಂಗ್ಲಿಷ್ ಬಲ್ಲವರು ಇದನ್ನು ಅಕ್ವಾಸ್ಕೇಪ್ ಎಂದು ಕರೆಯುತ್ತಾರೆ. ಈ ಲೇಖನದ ಮಟ್ಟಿಗೆ ನಾನು ಜಲವನವೆಂದು ಕರೆಯಲು ವಾಚಕರು ಅಪ್ಪಣೆ ಕೊಡಬೇಕು.

ಕನ್ನಡ ಮೇಷ್ಟರಿಗೂ ಜಲವನಕ್ಕೂ ಎಲ್ಲಿಯ ನಂಟೆಂದು ಕೇಳುವುದು ನ್ಯಾಯವೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ತೀರ್ಥಹಳ್ಳಿಯ ಕಡೆಯವನು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬಾಡಿಗೆಮನೆಯ ಒಂದು ಕೋಣೆಯನ್ನು ಈ ವಿದ್ಯೆಗೇ ಬಿಟ್ಟುಕೊಟ್ಟಿದ್ದಾನೆ. ಸಂಕ್ರಾಂತಿಯ ಹೊತ್ತಿಗೆ ನಮ್ಮ ಮನೆಗೆ ಬಂದವನು ಒಂದು ಟಿಪ್ಪಣಿ ಪುಸ್ತಕವನ್ನು ನನ್ನ ಮುಂದೆ ಬಿಡಿಸಿಟ್ಟ. ಅದರಲ್ಲಿ ಎರಡು ರೇಖಾಚಿತ್ರಗಳು. ಒಂದು, ಹಿಂದೆ ಬಹುಮಾನ ಪಡೆದಿದ್ದ ಯಾರದೋ ಜಲವನದ ಜಾಡಿನಲ್ಲಿ ನಡೆದದ್ದು: ಎರಡು ಪಕ್ಕದಲ್ಲೂ ಬಾಗಿದ ಮರಗಳು, ನಡುವೆ ದೂರಕ್ಕೆ ಸಣ್ಣದಾಗುತ್ತ ಹೋಗುವ ಬಿಳಿಮರಳಿನ ಹಾದಿ. ಇನ್ನೊಂದು ಅವನ ಊರಿನ ಹಿಂದಣ ಹಳ್ಳ. “ಮೇಷ್ಟ್ರೇ, ಮೊದಲನೆಯದನ್ನು ಮಾಡಿದರೆ ಒಳ್ಳೆಯ ಸ್ಥಾನ ಬರುತ್ತದೆ, ಎರಡನೆಯದನ್ನು ಮಾಡಿದರೆ ಏನು ಬರುತ್ತದೋ ಹೇಳಲಾರೆ. ಸ್ಫೂರ್ತಿ ಪಡೆಯುವುದಕ್ಕೂ ಎತ್ತಿಕೊಳ್ಳುವುದಕ್ಕೂ ನಡುವೆ ನೀವು ಪಾಠದಲ್ಲಿ ಒಂದು ಗೆರೆ ಎಳೆಯುತ್ತಿದ್ದಿರಲ್ಲ, ಅದು ಇದಕ್ಕೂ ಸಲ್ಲುತ್ತದೆಯೇ?” ಎಂದು ಕೇಳಿದ. ಪಾಠ ಹೇಳಿ ಹತ್ತು ವರ್ಷದ ಮೇಲೆ ವಿದ್ಯಾರ್ಥಿ ಅದೇ ಪಾಠವನ್ನು ಹಿಂದಕ್ಕೆ ತಂದು ಕೇಳುವುದು ಮೇಷ್ಟರ ಬಾಳಿನಲ್ಲಿ ಮೇಲಿಂದ ಮೇಲೆ ನಡೆಯುವ ಸಂಗತಿಯಲ್ಲ. ಅವನಿಗೆ ಉತ್ತರ ಹೇಳಬೇಕಾದರೆ ಮೊದಲು ನಾನೇ ಈ ವಿದ್ಯೆಯ ಮೂಲವನ್ನು ತಿಳಿಯಬೇಕಾಯಿತು.

ಈ ವಿದ್ಯೆಯ ಆಚಾರ್ಯಪುರುಷ ತಕಾಶಿ ಅಮಾನೊ. ಹುಟ್ಟಿದ್ದು 1954ರಲ್ಲಿ, ನೀಗಾತದಲ್ಲಿ. ಆತ ಬಾಲ್ಯದಲ್ಲಿ ಮೀನು ಹಿಡಿದು, ನೀರುಗಿಡಗಳ ನಡುವೆ ಕೈಯಾಡಿಸಿ ಬೆಳೆದದ್ದು ಯೊರೊಯಿಗಾತ ಎಂಬ ಸರೋವರದ ದಂಡೆಯಲ್ಲಿ. 1960ರ ದಶಕದಲ್ಲಿ ಆ ಸರೋವರವನ್ನು ಬತ್ತಿಸಿ ಗದ್ದೆ ಮಾಡಿದರು. ಕೆರೆಗಳನ್ನು ಹೂಳಿ ಬಸ್ ನಿಲ್ದಾಣ ಕಟ್ಟಿದ ನಾಡಿನವರಾದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮುಂದೆ ಅಮಾನೊ ಹಣಕಟ್ಟಿ ನೋಡುವ ಸೈಕಲ್ ಪಂದ್ಯಗಳ ವೃತ್ತಿಪರ ಸವಾರನಾದ. ಆ ಸಂಪಾದನೆಯಲ್ಲಿ ದೊಡ್ಡ ಫಿಲಂ ಕ್ಯಾಮರಾ ಹೊತ್ತು ಅಮೆಜಾನ್, ಬೋರ್ನಿಯೊ, ಪಶ್ಚಿಮ ಆಫ್ರಿಕಗಳ ಮಳೆಕಾಡುಗಳನ್ನು ಸುತ್ತಿದ. ತನ್ನ ಊರಿನ ಎದುರಿನ ಸಾದೊ ದ್ವೀಪದ ಮುದಿ ದೇವದಾರುಗಳನ್ನು ಚಿತ್ರಿಸಿದ. 1982ರಲ್ಲಿ ಜಲವನಕ್ಕೆ ಬೇಕಾದ ಸಲಕರಣೆಗಳ ಸಂಸ್ಥೆಯೊಂದನ್ನು ಸ್ಥಾಪಿಸಿದ. ವ್ಯಾಪಾರವೂ ಕಲೆಯೂ ಒಂದೇ ಛಾವಣಿಯ ಕೆಳಗೆ ಬಾಳಿದವು. ಅದರಲ್ಲಿ ನನಗೇನೂ ಅಪಚಾರ ಕಾಣುವುದಿಲ್ಲ.

ಅಮಾನೊನಿಗಿಂತ ಮುಂಚೆ ನೀರಿನಲ್ಲಿ ಗಿಡ ಬೆಳೆಸುವವರು ಇರಲಿಲ್ಲವೆಂದಲ್ಲ. ಹಾಲೆಂಡಿನವರು ಆ ಕೆಲಸದಲ್ಲಿ ಆಗಲೇ ಪಳಗಿದ್ದರು. ಅವರ ತೊಟ್ಟಿ ಅಚ್ಚುಕಟ್ಟಾದ ಹೂದೋಟದಂತೆ. ಬಣ್ಣಬಣ್ಣದ ಗಿಡಗಳ ಗುಂಪುಗಳು ಒಂದರ ಪಕ್ಕಕ್ಕೊಂದು, ಮುಂದೆ ಕುಳ್ಳು, ಹಿಂದೆ ಎತ್ತರ, ನಡುನಡುವೆ ಓಣಿಯಂತೆ ಏರುತ್ತ ಹೋಗುವ ಒಂದು ಸಾಲು. ಆ ಸಾಲಿಗೆ ಲೈಡನ್ ಬೀದಿ ಎಂದು ಹೆಸರು. ಕಣ್ಣಿಗೆ ಹಬ್ಬವೇ ಸರಿ. ಆದರೆ ಅದು ಲಾಲ್‌ಬಾಗಿನ ಹೂವಿನ ಪಾತಿ, ಆಗುಂಬೆಯಲ್ಲ.

ಗಿಡಕ್ಕೆ ಬೆಳಕು ಬೇಕು, ಗೊಬ್ಬರ ಬೇಕು ಎಂಬುದು ಎಲ್ಲರಿಗೂ ಗೊತ್ತು. ನೀರಿನಲ್ಲಿ ಮುಳುಗಿದ ಗಿಡಕ್ಕೆ ಸಾಲದೆ ಬರುವುದು ಇಂಗಾಲದ ಡೈಆಕ್ಸೈಡ್. ಸೋಡಾ ನೀರಿನ ಗುಳ್ಳೆಗಳನ್ನು ನೋಡುತ್ತ ಕುಳಿತಿದ್ದಾಗ ಅಮಾನೊನಿಗೆ ಅದನ್ನೇ ತೊಟ್ಟಿಗೆ ಬಿಟ್ಟರೆ ಹೇಗೆಂದು ಹೊಳೆಯಿತಂತೆ. ಈಗ ಸಣ್ಣ ಸಿಲಿಂಡರಿನಿಂದ ಅನಿಲವನ್ನು ಎಣಿಸಿದಂತೆ ಗುಳ್ಳೆಗುಳ್ಳೆಯಾಗಿ ಬಿಡುತ್ತಾರೆ. ಬೆಳಕು ಬಿದ್ದು ಗಂಟೆಗಳು ಕಳೆದ ಮೇಲೆ ನೀರು ಆಮ್ಲಜನಕದಿಂದ ತಣಿಯುತ್ತದೆ. ಆಮೇಲೆ ಹುಟ್ಟಿದ ಆಮ್ಲಜನಕ ಕರಗಲಾರದೆ ಎಲೆಎಲೆಯ ತುದಿಯಲ್ಲೂ ಮುತ್ತಾಗಿ ನಿಲ್ಲುತ್ತದೆ. ರಿಕ್ಸಿಯಾ ಎಂಬ, ನೀರಮೇಲೆ ತೇಲುವುದನ್ನಷ್ಟೇ ಬಲ್ಲ ಪುಟ್ಟ ಸಸ್ಯವನ್ನು ಅಮಾನೊ ಕಲ್ಲಿಗೆ ದಾರದಿಂದ ಕಟ್ಟಿ ಮುಳುಗಿಸಿದ. ಕೊಳದ ಮೇಲೆ ಕಸವಾಗಿ ತೇಲುತ್ತಿದ್ದುದು ತಳ ಸೇರಿ ಮುತ್ತಿನ ಗದ್ದೆಯಾಯಿತು. ಪಾಚಿಯ ಕಾಟಕ್ಕೆ ಔಷಧ ಹುಡುಕದೆ, ಅದನ್ನು ಮೇಯುವ ಸಣ್ಣ ಸಿಗಡಿಗಳನ್ನು ಬಿಟ್ಟ. ಆ ಸಿಗಡಿಗೆ ಇಂದು ಲೋಕವೆಲ್ಲ ಅಮಾನೊನ ಹೆಸರನ್ನೇ ಇಟ್ಟಿದೆ.

ಇವೆಲ್ಲ ಉಪಕರಣದ ಮಾತಾಯಿತು. ನನ್ನನ್ನು ಸೆರೆಹಿಡಿದದ್ದು ಕಲ್ಲಿನ ವಿಚಾರ. ಕಲ್ಲುಗಳನ್ನೇ ಪ್ರಧಾನವಾಗಿಸಿ, ತಳಕ್ಕೆ ಒಂದೆರಡು ಜಾತಿಯ ಕುಳ್ಳುಗಿಡ ಹಾಸಿ ರಚಿಸುವ ಜಲವನಕ್ಕೆ ಇವಾಗುಮಿ ಎಂದು ಹೆಸರು. ಇದರ ಬೇರು ಜಪಾನಿನ ಉದ್ಯಾನಶಾಸ್ತ್ರದಲ್ಲಿದೆ. ಹನ್ನೊಂದನೆಯ ಶತಮಾನದ್ದೆಂದು ಹೇಳುವ ‘ಸಕುತೇಯಿಕಿ’ ಎಂಬ ಗ್ರಂಥ ತೋಟಕ್ಕೆ ಕಲ್ಲನ್ನು ಹೇಗೆ ನಿಲ್ಲಿಸಬೇಕೆಂಬುದನ್ನೇ ಮುಖ್ಯ ವಿಷಯವಾಗಿ ಇಟ್ಟುಕೊಂಡಿದೆ. ಕಲ್ಲು ಏನನ್ನು ಬೇಡುತ್ತದೋ ಅದನ್ನು ಅನುಸರಿಸು ಎಂಬುದು ಅದರ ನಿಲುವು. ಇವಾಗುಮಿಯಲ್ಲಿ ಒಂದೊಂದು ಕಲ್ಲಿಗೂ ಪಾತ್ರವುಂಟು. ಎಲ್ಲಕ್ಕೂ ದೊಡ್ಡದು ಒಯಾಇಶಿ, ಅಂದರೆ ತಾಯಿ ಅಥವಾ ಹಿರಿಯ ಕಲ್ಲು. ಅದನ್ನು ನಟ್ಟನಡುವೆ ಇಡದೆ ಒಂದು ಪಕ್ಕಕ್ಕೆ ಸರಿಸಿ, ಹರಿವಿಗೆ ಎದುರಾದಂತೆಯೋ ಒಲಿದಂತೆಯೋ ತುಸು ವಾಲಿಸಿ ಇಡುತ್ತಾರೆ. ಎರಡನೆಯದು ಫುಕುಇಶಿ, ಹಿರಿಯದಕ್ಕೆ ಪ್ರತಿಯಾಗಿ ನಿಲ್ಲುವ ಕಲ್ಲು. ಮೂರನೆಯದು ಸೊಯೆಇಶಿ, ಹಿರಿಯ ಕಲ್ಲಿಗೆ ಒತ್ತಾಸೆ. ಕೊನೆಯದು ಸುತೆಇಶಿ. ಈ ಶಬ್ದಕ್ಕೆ ಬಿಸುಟ ಕಲ್ಲು ಎಂದರ್ಥ. ಅದನ್ನು ಸುಮ್ಮನೆ ಚೆಲ್ಲಿದಂತೆ ಇಡುತ್ತಾರೆ. ಗಿಡ ಬೆಳೆದ ಮೇಲೆ ಅದು ಮುಚ್ಚಿಹೋದರೂ ಹೋಗಬಹುದು. ಹೋಗುವುದೆಂದು ಗೊತ್ತಿದ್ದೂ ಇಡುತ್ತಾರೆ.

ಈ ಬಿಸುಟ ಕಲ್ಲಿನ ವಿಷಯವನ್ನು ನನಗೆ ಹೇಳಿದವನು ಆ ಹುಡುಗನೇ. ಅದಿಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದೆ. “ಉಳಿದ ಮೂರು ಕಲ್ಲುಗಳು ಯಾರೋ ತಂದಿಟ್ಟ ಹಾಗೆ ಕಾಣುತ್ತವೆ, ಮೇಷ್ಟ್ರೇ” ಎಂದ. ನಾನು ತರಗತಿಯಲ್ಲಿ ಕಾವ್ಯದ ಬಂಧವನ್ನು ಕುರಿತು ಬಹಳ ಮಾತಾಡಿದ್ದೇನೆ. ಹಳಗನ್ನಡದ ಒಂದು ಪದ್ಯದಲ್ಲಿ ಅರ್ಥಕ್ಕೆ ಹೆಚ್ಚೇನನ್ನೂ ಸೇರಿಸದ, ಅನ್ವಯ ಮಾಡುವಾಗ ವಿದ್ಯಾರ್ಥಿಗಳು ಕೈಬಿಡುವ, ಆದರೆ ತೆಗೆದೊಡನೆ ಪದ್ಯದ ಉಸಿರೇ ನಿಂತುಹೋಗುವ ಸಣ್ಣ ಪದಗಳಿರುತ್ತವೆ. ಅವುಗಳಿಗೆ ನಮ್ಮ ಲಾಕ್ಷಣಿಕರು ಪಾದಪೂರಣವೆಂಬ ಒಣಹೆಸರನ್ನು ಇಟ್ಟುಬಿಟ್ಟಿದ್ದಾರೆ. ಬಿಸುಟ ಕಲ್ಲು ಎಂದಿದ್ದರೆ ಎಷ್ಟು ಚೆನ್ನಾಗಿತ್ತು!

ಇನ್ನು ಸ್ಪರ್ಧೆಯ ಮಾತು. ಅಮಾನೊನ ಸಂಸ್ಥೆ 2001ರಲ್ಲಿ ಅಂತರರಾಷ್ಟ್ರೀಯ ಜಲಸಸ್ಯ ವಿನ್ಯಾಸ ಸ್ಪರ್ಧೆಯೊಂದನ್ನು ಆರಂಭಿಸಿತು. ಕೆಲವು ವರ್ಷಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಕೃತಿಗಳು ಬಂದಿವೆ. ಮೊದಲ ಬಹುಮಾನ ಹತ್ತು ಲಕ್ಷ ಯೆನ್. ತೊಟ್ಟಿಯನ್ನು ಹೊತ್ತು ಜಪಾನಿಗೆ ಹೋಗುವಂತಿಲ್ಲವಷ್ಟೆ. ಆದುದರಿಂದ ತೀರ್ಪು ನಡೆಯುವುದು ಎದುರಿನಿಂದ ತೆಗೆದ ಒಂದೇ ಒಂದು ಛಾಯಾಚಿತ್ರದ ಮೇಲೆ. ಈ ಒಂದು ನಿಯಮವೇ ಕಲೆಯ ಗತಿಯನ್ನು ತಿರುಗಿಸಿತೆಂದು ನನಗೆ ತೋರುತ್ತದೆ. ನೂರು ದಿನ ಬೆಳೆದ ವನ ಒಂದು ಕ್ಷಣಕ್ಕಾಗಿ ಬೆಳೆಯತೊಡಗಿತು. ಚಿತ್ರ ತೆಗೆಯುವ ದಿನ ಕೊಳವೆಗಳನ್ನೆಲ್ಲ ಹೊರಗೆಳೆಯುತ್ತಾರೆ; ನೀರಿನ ಮೇಲ್ಮೈಯಲ್ಲಿ ಅಲೆ ಮಿನುಗಲೆಂದು ಕೂದಲು ಒಣಗಿಸುವ ಯಂತ್ರದಿಂದ ಗಾಳಿ ಹಾಕುತ್ತಾರೆ; ಮೀನುಗಳ ಹಿಂಡು ಬೇಕಾದ ಕಡೆಗೆ ತಿರುಗಲೆಂದು ಉಸಿರು ಬಿಗಿಹಿಡಿದು ಗಂಟೆಗಟ್ಟಲೆ ಕಾಯುತ್ತಾರೆ. ಚಿತ್ರ ದೊರೆತ ಮೇಲೆ ಎಷ್ಟೋ ತೊಟ್ಟಿಗಳು ವಾರದೊಳಗೆ ಬಿಚ್ಚಿಹೋಗುತ್ತವೆ. ಮುಂದಿನ ವರ್ಷದ ರಚನೆಗೆ ಜಾಗ ಬೇಕು.

ಛಾಯಾಚಿತ್ರಗಳು ಗ್ರಂಥವಾಗಿ ಅಚ್ಚಾದವು, ಗಣಕದ ತೆರೆಗಳ ಮೇಲೆ ಹರಡಿದವು. ಆಗ ಇನ್ನೊಂದು ಸಂಗತಿ ನಡೆಯಿತು. ಅಮಾನೊ ಕಾಡನ್ನು ನೋಡಿ ಜಲವನ ರಚಿಸಿದ್ದ. ಅವನ ಹಿಂದೆ ಬಂದವರಲ್ಲಿ ಹಲವರು ಜಲವನವನ್ನು ನೋಡಿ ಜಲವನ ರಚಿಸತೊಡಗಿದರು. ಒಂದು ವರ್ಷ ಮರಳಿನ ಜಲಪಾತ ಗೆದ್ದರೆ ಮರುವರ್ಷ ಹತ್ತಾರು ಜಲಪಾತಗಳು ಧುಮುಕಿದವು. ಕಾಡಿನೊಳಗಣ ಹಾದಿ ಮೆಚ್ಚಿಗೆಯಾದರೆ ಹಾದಿಗಳು ಎಲ್ಲ ದೇಶಗಳಿಂದಲೂ ಹೊರಟವು. ಕೊಂಬೆಗಳನ್ನು ಅಂಟಿನಿಂದ ಜೋಡಿಸಿ ಕಿರುಮರ ಮಾಡಿ, ಎಲೆಯ ಬದಲು ಹಾವಸೆ ಕಟ್ಟಿ, ನೀರಿನೊಳಗೆ ನೆಲದ ಮೇಲಿನ ದೃಶ್ಯವನ್ನೇ ತದ್ವತ್ ಕೂಡಿಸುವ ಶೈಲಿ ಮೇಲುಗೈಯಾಯಿತು. ಬೆರಳುದ್ದದ ಮೀನು ಅಲ್ಲಿ ಕಾಡಿನ ಮೇಲೆ ಹಾರುವ ಹಕ್ಕಿಯಂತೆ ಕಾಣುತ್ತದೆ. ಕೈಚಳಕ ಬೆರಗಿನದು, ಒಪ್ಪಬೇಕು. ಆದರೆ ಅದೇ ಸ್ಪರ್ಧೆ ಬಹುವರ್ಷ ಅನುಸರಿಸಿದ ಅಂಕಪದ್ಧತಿಯಲ್ಲಿ ನೂರಕ್ಕೆ 50 ಅಂಕ ಮೀನಿನ ಸಹಜ ಆವಾಸವನ್ನು ಮರುಸೃಷ್ಟಿಸಿದ್ದಕ್ಕೆ ಮೀಸಲು. ಸ್ವಂತಿಕೆಗೂ ಪರಿಣಾಮಕ್ಕೂ ಸೇರಿ 10. ಹಕ್ಕಿಯಾಗಿ ಹಾರುವ ಮೀನಿಗೆ ಅದು ಯಾವ ಆವಾಸವೋ, ತೀರ್ಪುಗಾರರೇ ಹೇಳಬೇಕು.

ಹುಡುಗನ ಪ್ರಶ್ನೆಗೆ ಇಲ್ಲಿ ನಮ್ಮ ಹಳಬರು ನೆರವಿಗೆ ಬರುತ್ತಾರೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದ ಕೊನೆಯ ಉದ್ಯೋತದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಒಬ್ಬ ಕವಿಯ ಮಾತು ಇನ್ನೊಬ್ಬನ ಮಾತನ್ನು ಹೋಲುವುದನ್ನು ಅವನು ಸಂವಾದವೆಂದು ಕರೆದು, ಅದನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕನ್ನಡಿಯಲ್ಲಿ ಬಿದ್ದ ಬಿಂಬದಂಥದು ಒಂದು. ಬರೆದ ಚಿತ್ರದಂಥದು ಇನ್ನೊಂದು. ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂಥದು ಮೂರನೆಯದು. ಬಿಂಬಕ್ಕೆ ತನ್ನದೆಂಬ ಆತ್ಮವೇ ಇಲ್ಲ. ಚಿತ್ರಕ್ಕಿರುವುದು ಹೇಳಿಕೊಳ್ಳುವಂಥದಲ್ಲ. ಇವೆರಡನ್ನೂ ಕವಿಯಾದವನು ಬಿಡಬೇಕು. ಆದರೆ ಹೋಲುವ ಎರಡು ಮುಖಗಳಲ್ಲಿ ಒಂದೊಂದಕ್ಕೂ ಒಂದೊಂದು ಪ್ರಾಣವಿದೆ. ಆ ಹೋಲಿಕೆಗೆ ನಾಚಬೇಕಾದ ಕಾರಣವಿಲ್ಲ ಎಂಬುದು ಅವನ ನಿಲುವು. ನಮ್ಮ ಪಂಪ 941ರ ಸುಮಾರಿಗೆ ವ್ಯಾಸರ ಕಥೆಯನ್ನೇ ಎತ್ತಿಕೊಂಡ. ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡ. ಶತಮಾನಗಳಾಚೆ ಕುಮಾರವ್ಯಾಸ ಅದೇ ಕಥೆಯನ್ನು ಎತ್ತಿಕೊಂಡು ಕೃಷ್ಣಕಥೆಯಾಗಿಸಿದ. ಮೂವರ ಮುಖದಲ್ಲೂ ಹೋಲಿಕೆಯಿದೆ. ಯಾರ ಪ್ರಾಣವೂ ಯಾರಿಂದಲೂ ಕಡತಂದದ್ದಲ್ಲ.

ಜಲವನಕ್ಕೆ ಇದನ್ನು ಹಚ್ಚಿ ನೋಡಿದರೆ ಮೊದಲ ಬಗೆ ಸುಲಭ. ಬಹುಮಾನಿತ ಕೃತಿಯನ್ನು ಕಲ್ಲಿಗೆ ಕಲ್ಲು, ಕೊಂಬೆಗೆ ಕೊಂಬೆ ಇಟ್ಟು ಮಾಡಿದ್ದು ಬಿಂಬ. ತೊಡಕಿರುವುದು ಎರಡನೆಯದರಲ್ಲಿ. ಪರರ ತೊಟ್ಟಿಯನ್ನು ಮುಟ್ಟದೆ ನೇರವಾಗಿ ಬೆಟ್ಟದ ಛಾಯಾಚಿತ್ರವೊಂದನ್ನು ಎದುರಿಗಿಟ್ಟುಕೊಂಡು, ಅದರ ಏರು ತಗ್ಗುಗಳನ್ನೆಲ್ಲ ಕಲ್ಲಿನಲ್ಲಿ ಒಪ್ಪಿಸಿದವನು ನಾನು ಪ್ರಕೃತಿಯಿಂದಲೇ ಪಡೆದೆ ಎಂದು ಹೇಳಿಕೊಳ್ಳುತ್ತಾನೆ. ಆದರೂ ಅವನು ಬರೆದದ್ದು ಚಿತ್ರವೇ. ಪ್ರಕೃತಿಯಿಂದ ಎತ್ತಿಕೊಂಡರೆ ಮಾತ್ರ ಸ್ವಂತ, ಮನುಷ್ಯನಿಂದ ಎತ್ತಿಕೊಂಡರೆ ಕದ್ದದ್ದು ಎಂಬ ಲೆಕ್ಕ ಸರಿಬರುವುದಿಲ್ಲ. ಅಮಾನೊ ಸಾದೊ ದ್ವೀಪದಿಂದ ಬೆಟ್ಟದ ಆಕಾರವನ್ನು ತರಲಿಲ್ಲ. ಹೊಳೆಯ ಕಲ್ಲುಗಳೆಲ್ಲ ಒಂದೇ ಕಡೆಗೆ ಏಕೆ ವಾಲಿರುತ್ತವೆ? ನೀರಿನ ಸೆಳೆತ ಒಂದೇ ಕಡೆಗಿರುವುದರಿಂದ. ಬಂಡೆಯ ಬುಡದಲ್ಲೇ ಹುಲ್ಲು ಏಕೆ ದಟ್ಟವಾಗಿ ಹುಟ್ಟುತ್ತದೆ? ಸೆಳೆತ ತಗ್ಗಿದಲ್ಲಿ ಮಣ್ಣು ನಿಲ್ಲುವುದರಿಂದ. ಆತ ತಂದದ್ದು ಈ ಏಕೆಗಳನ್ನು. ಇವಾಗುಮಿಯಲ್ಲಿ ಕಲ್ಲುಗಳ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಹರಿಯಬೇಕೆಂಬ ಕಟ್ಟಳೆ ಹುಟ್ಟಿದ್ದು ಹೀಗೆ. ಆಕಾರದ ಹಿಂದಿನ ಕಾರಣವನ್ನು ಹಿಡಿದವನ ಕೈಯಲ್ಲಿ ಆಕಾರ ತಾನಾಗಿ ಹುಟ್ಟುತ್ತದೆ. ಅದು ಮೂಲವನ್ನು ಹೋಲಿದರೂ ಸರಿ, ಹೋಲದಿದ್ದರೂ ಸರಿ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಅವನು ತಲೆದೂಗಿ ಸುಮ್ಮನಾಗುವ ಜಾತಿಯವನಲ್ಲ. “ನಿಮ್ಮ ಆನಂದವರ್ಧನ ಅಂಕ ಕೊಡುವುದಿಲ್ಲವಲ್ಲ, ಮೇಷ್ಟ್ರೇ. ನಾನು ಇದಕ್ಕೆ ಐದು ವರ್ಷ ಸುರಿದಿದ್ದೇನೆ. ಒಂದು ಸಲವಾದರೂ ಮೊದಲ ನೂರರಲ್ಲಿ ಹೆಸರು ಕಾಣಬೇಕೆಂಬ ಆಸೆ ತಪ್ಪೇ?” ಎಂದ. ತಪ್ಪೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಕಾಲೇಜಿನ ಕವಿತಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತ ಅನುಭವ ನನಗಿದೆ. ಕಳೆದ ವರ್ಷ ಗೆದ್ದ ಕವಿತೆಯ ಧಾಟಿಯಲ್ಲಿ ಈ ವರ್ಷ ಇಪ್ಪತ್ತು ಬರುತ್ತವೆ, ಇಪ್ಪತ್ತರಲ್ಲಿ ಒಂದಕ್ಕೆ ಬಹುಮಾನವೂ ಬರುತ್ತದೆ; ತನ್ನ ಹಳ್ಳದ ನೀರನ್ನೇ ಬೊಗಸೆಯಲ್ಲಿ ತಂದವನ ಕವಿತೆ ಒರಟಾಗಿದ್ದ ಕಾರಣಕ್ಕೆ ಪಕ್ಕದಲ್ಲಿ ಉಳಿಯುತ್ತದೆ. ಸ್ಪರ್ಧೆಯೆಂಬುದು ಪಳಗಿಸುತ್ತದೆ, ಪಳಗುವಾಗ ಏನೋ ಒಂದು ಸವೆದೂ ಹೋಗುತ್ತದೆ. ಆದರೆ ಸ್ಪರ್ಧೆಯಿಲ್ಲದಿದ್ದರೆ ಈ ಹುಡುಗ ಕತ್ತರಿ ಹಿಡಿಯುವುದನ್ನು ಇಷ್ಟು ಶ್ರದ್ಧೆಯಿಂದ ಕಲಿಯುತ್ತಿದ್ದನೇ ಎಂಬುದೂ ಪ್ರಶ್ನೆಯೇ.

ಅವನು ಊರಿಗೆ ಹೋದ. ಹಳ್ಳದ ದಂಡೆಯಲ್ಲಿ ಮೂರು ದಿನ ಕೂತು ಬರೆದುಕೊಂಡದ್ದನ್ನು ಆಮೇಲೆ ನನಗೆ ಓದಿ ಹೇಳಿದ. ಹಾವಸೆ ಬಂಡೆಯ ಎಲ್ಲ ಮಗ್ಗುಲಲ್ಲೂ ಇಲ್ಲ. ನೀರು ಸಿಡಿಯುವ ಮಗ್ಗುಲಲ್ಲಿ ಮಾತ್ರ. ಬಿದ್ದ ಎಲೆಗಳು ಬಂಡೆಯ ಹಿಂದೆ ಮಡುವಿನಲ್ಲಿ ಸುತ್ತುತ್ತವೆ, ಮೀನಿನ ಮರಿ ಇರುವುದು ಆ ಎಲೆಗಳ ಅಡಿಯಲ್ಲೇ. ಬೇರು ಕಲ್ಲನ್ನು ಹಿಡಿದಿಲ್ಲ, ಕಲ್ಲೇ ಬೇರನ್ನು ಹಿಡಿದಿದೆ. ಹಳ್ಳದಿಂದ ಒಂದು ಕಲ್ಲನ್ನಾಗಲಿ ಗಿಡವನ್ನಾಗಲಿ ಅವನು ಎತ್ತಿತರಲಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಕೆಂಪುಗೆರೆಯ ಡೆನಿಸನ್ ಬಾರ್ಬ್ ಎಂಬ ಚೆಲುವಾದ ಮೀನು ಕೇರಳದ ಮತ್ತು ಅದಕ್ಕೆ ತಾಗಿದ ನಮ್ಮ ದಕ್ಷಿಣದ ಹೊಳೆಗಳಲ್ಲಿ ಮಾತ್ರ ಹುಟ್ಟಿದ್ದು. ಜಗತ್ತಿನ ತೊಟ್ಟಿಗಳಿಗೆ ಬೇಕೆಂದು ಹಿಡಿದು ಹಿಡಿದು ಅದೀಗ ಅಳಿವಿನ ಅಂಚಿನ ಪಟ್ಟಿ ಸೇರಿದೆ. ಪ್ರಕೃತಿಯನ್ನು ಮರುಸೃಷ್ಟಿಸುವ ಕಲೆಗೆ ಇದಕ್ಕಿಂತ ಕಹಿಯಾದ ವ್ಯಂಗ್ಯ ಬೇರೊಂದಿಲ್ಲ. ಗಿಡಗಳ ಕಥೆ ಅಷ್ಟು ದಾರುಣವಲ್ಲ. ರೊಟಾಲ ಮಕ್ರಾಂಡ್ರ ಎಂಬ ಕೆಂಪೆಲೆಯ ಸಸ್ಯ ದಕ್ಷಿಣ ಭಾರತದ ತವರಿನದು. ಲೋಕದ ತೊಟ್ಟಿಗಳನ್ನೆಲ್ಲ ಬೆಳಗಿ, ಪ್ರಯೋಗಶಾಲೆಯ ಡಬ್ಬಿಯಲ್ಲಿ ಮೊಳೆತ ಸಸಿಯಾಗಿ ಬೆಂಗಳೂರಿನ ಅಂಗಡಿಗೆ ಬಂದಿತ್ತು. ಅದನ್ನೇ ಹಣ ಕೊಟ್ಟು ತಂದು ಹಳ್ಳದ ಮಗ್ಗುಲಲ್ಲಿ ನೆಟ್ಟ.

ಬೇಸಗೆಯಲ್ಲಿ ಅವನ ಕೋಣೆಗೆ ಹೋಗಿ ನೋಡಿದೆ. ಅರವತ್ತು ಸೆಂಟಿಮೀಟರ್ ಉದ್ದದ ತೊಟ್ಟಿ. ಮೊದಲ ನೋಟಕ್ಕೆ ಹಾದಿಯೂ ಇಲ್ಲ, ಜಲಪಾತವೂ ಇಲ್ಲ. ಕಂದು ಎಲೆ, ವಾಲಿದ ಮೂರು ಕಲ್ಲು, ಒಂದು ಬೇರು, ಒಂದೇ ಪಕ್ಕದಲ್ಲಿ ಹಾವಸೆ. ಬಿಸುಟ ಕಲ್ಲು ಎಲ್ಲಿದೆಯೆಂದು ಕೇಳಿದೆ. ಗಿಡವೊಂದನ್ನು ಚಿಮಟದಿಂದ ಸರಿಸಿ ತೋರಿಸಿದ. ಚಿತ್ರ ಕಳುಹಿಸಿದ್ದಾನೆ, ಅವನ ಹೆಸರು ಬಂದದ್ದು ಆರುನೂರರ ಆಚೆ. ಹಾದಿಯನ್ನು ಮಾಡಿದ್ದರೆ ನೂರರೊಳಗೆ ಬರುತ್ತಿದ್ದೆ ಎಂದು ಈಗಲೂ ಹೇಳುತ್ತಾನೆ. ಬರುತ್ತಿದ್ದನೆಂದೇ ನಾನೂ ನಂಬುತ್ತೇನೆ. ಸ್ಪರ್ಧೆ ಮುಗಿದ ಮೇಲೂ ತೊಟ್ಟಿಯನ್ನು ಬಿಚ್ಚಿಲ್ಲ.

ಅಮಾನೊನ ಕೊನೆಯ ದೊಡ್ಡ ಕೃತಿ ಯಾವ ಸ್ಪರ್ಧೆಗೂ ಸೇರಿದ್ದಲ್ಲ. ಪೋರ್ಚುಗಲ್ಲಿನ ಲಿಸ್ಬನ್ ನಗರದ ಮತ್ಸ್ಯಾಲಯದಲ್ಲಿ 2015ರ ಏಪ್ರಿಲಿನಲ್ಲಿ ತೆರೆದ ‘ನೀರಡಿಯ ಅರಣ್ಯಗಳು’ ಎಂಬ ಜಲವನ ಅದು. ಉದ್ದ 40 ಮೀಟರ್. ಹಿಡಿಯುವ ನೀರು 1,60,000 ಲೀಟರ್. ಕಲ್ಲು ಅಜೋರ್ಸ್ ದ್ವೀಪಗಳ ಜ್ವಾಲಾಮುಖಿಯದು. ಕೊರಡುಗಳು ಸ್ಕಾಟ್ಲೆಂಡಿನಿಂದಲೂ ಮಲೇಷ್ಯದಿಂದಲೂ ಬಂದವು. ಅದು ತೆರೆದ ನಾಲ್ಕು ತಿಂಗಳಿಗೆ, ಆಗಸ್ಟ್ 4ರಂದು, ಅಮಾನೊ ತೀರಿಕೊಂಡ. ಆಗ ಅವನಿಗೆ ಅರವತ್ತೊಂದು. ಅಷ್ಟು ದೊಡ್ಡ ತೊಟ್ಟಿಯಲ್ಲಿ ಅಂಚಿನಲ್ಲಿ ನಿಂತು ಕೈ ಚಾಚಿದರೆ ಕತ್ತರಿ ಎಟುಕುವುದಿಲ್ಲ. ಗಿಡ ಸವರುವವರು ಮುಳುಗುಡುಪು ತೊಟ್ಟು ತಾವೇ ನೀರಿಗಿಳಿಯಬೇಕು. ಕತ್ತರಿಸಿದ ಎಲೆಗಳು ಸುತ್ತ ತೇಲುತ್ತಿರಲು, ಮೀನುಗಳ ಹಿಂಡು ಅವರ ತೋಳುಗಳ ನಡುವೆ ಹಾದುಹೋಗುತ್ತದೆ.